ಕೋಟಯ್ಯ ಬೆಳಿಗ್ಗೆ ಏನು ತಿನ್ನುತ್ತಾನೆ

ಜನವರಿ ೬, ಸೋಮವಾರ

ಬಾಲಯ್ಯ ಇನ್ನೂರ ಹನ್ನೆರಡು ಹೆಂಗಸರ ಅರ್ಜಿಯನ್ನು ಸಾವುಕಾರನಿಗೆ ಮಾರಿಕೊಂಡ. ಎರಡು ವರ್ಷವಾಯಿತು. ನಾರಾಯಣಪೇಟೆಯಲ್ಲಿ ಇದು ಎಲ್ಲರಿಗೂ ಗೊತ್ತು.

ಇದನ್ನು ಒಮ್ಮೆ ಕರಪತ್ರದಲ್ಲಿ ಬರೆದೆ. ಐನೂರು ಪ್ರತಿ. ವಾರ ಕಳೆಯುವುದರೊಳಗೆ ಬಸ್ ನಿಲ್ದಾಣದ ಮುಂದಿನ ಬಂಡಿಯಲ್ಲಿ ಅದರಲ್ಲೇ ಮಿರ್ಚಿ ಭಜಿ ಕಟ್ಟಿಕೊಡುತ್ತಿದ್ದರು. ಅದಕ್ಕೇ ಈಗ ಕಾದಂಬರಿ. ಪತ್ತೇದಾರಿ ಕಾದಂಬರಿಯನ್ನು ಜನ ಕೊನೆಯ ಪುಟದವರೆಗೆ ಬಿಡದೆ ಓದುತ್ತಾರೆ. ಕೊನೆಯ ಪುಟದಲ್ಲಿ ನಾನು ಅವರಿಗೆ ಸತ್ಯ ಹೇಳುತ್ತೇನೆ.

ಘಟನೆಯನ್ನು ಮೊದಲು ಚೊಕ್ಕವಾಗಿ ಬರೆದಿಟ್ಟುಕೊಳ್ಳಬೇಕು. ನೇಕಾರರ ಎಣಿಕೆಯಲ್ಲಿ ಮನೆಯ ಗಂಡಸಿನ ಹೆಸರನ್ನಷ್ಟೇ ಬರೆದುಕೊಳ್ಳುತ್ತಿದ್ದರು. ನೂಲು ಸುತ್ತುವವಳು, ಗಂಜಿ ಹಚ್ಚುವವಳು, ನಮ್ಮ ಅವ್ವನಂತೆ ಗಂಡ ಸತ್ತ ಮೇಲೆ ತಾನೇ ಮಗ್ಗಕ್ಕೆ ಕೂತವಳು, ಇವರು ಯಾರೂ ಲೆಕ್ಕಕ್ಕಿಲ್ಲ. ಇವರನ್ನೂ ಎಣಿಸಿ ಎಂಬ ಅರ್ಜಿ ಬರೆದವನು ನಾನು; ಎಣಿಕೆಗೆ ಸೇರಿದರೆ ಸರಕಾರದ ನೂಲು ಸಿಗುತ್ತದೆ, ಸಾವುಕಾರನ ಸಾಲ ಬೇಕಾಗುವುದಿಲ್ಲ. ಓಣಿ ಓಣಿ ತಿರುಗಿ ಹನ್ನೊಂದು ಹಾಳೆಯ ಮೇಲೆ ಹೆಬ್ಬೆರಳು ಒತ್ತಿಸಿದವನು ಬಾಲಯ್ಯ. ಅಂದು ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಕರೆಂಟ್ ಇರಲಿಲ್ಲ, ಝೆರಾಕ್ಸ್ ಆಗಲಿಲ್ಲ. ಮರುದಿನ ಮೊದಲ ಬಸ್ಸಿಗೆ ನಾನು ಮಕ್ತಲಕ್ಕೆ ಲಗ್ನಪತ್ರಿಕೆ ಮುಟ್ಟಿಸಬೇಕಿತ್ತು. "ಬೆಳಿಗ್ಗೆ ನಮ್ಮ ಮನೆಯ ಗೂಡಿನಲ್ಲಿಟ್ಟು ಹೋಗು, ಬಂದ ಮೇಲೆ ಝೆರಾಕ್ಸ್ ಮಾಡುತ್ತೇನೆ" ಎಂದು ಹೇಳಿದೆ. ಹನ್ನೊಂದಕ್ಕೆ ಬಂದು ನೋಡಿದರೆ ಗೋಡೆಯ ಗೂಡು ಖಾಲಿ. ಇಟ್ಟಿದ್ದೆ ಎಂದು ಬಾಲಯ್ಯ ಆಣೆ ಮಾಡಿದ. ಮನೆಗೆ ಯಾರೂ ಬರಲಿಲ್ಲ ಎಂದು ಅವ್ವ ಹೇಳಿದಳು. ಅದೇ ಮಧ್ಯಾಹ್ನ ಬಾಲಯ್ಯ ಸಾವುಕಾರನ ಅಂಗಡಿಯಲ್ಲಿ ಕೂತಿದ್ದನ್ನು ಮೂವರು ಕಂಡರು. ಇನ್ನೇನು ಸಾಕ್ಷಿ ಬೇಕು?

ಪತ್ತೇದಾರ ಪೊಲೀಸನಲ್ಲ. ಪೊಲೀಸನಾದರೆ ಕತೆ ಆಳುವವರ ಪರವಾಗಿಬಿಡುತ್ತದೆ. ನಿವೃತ್ತ ಬಸ್ ಕಂಡಕ್ಟರ್ ತಾಯಣ್ಣ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬುದನ್ನು ಮೂವತ್ತು ವರ್ಷದ ಮೇಲೂ ಮರೆಯದವನು. ಅಪರಾಧಿಯ ಹೆಸರು ಕೋಟಯ್ಯ. ಊರಿನ ಹೆಸರು ಮಗ್ಗೂರು.

ಇವತ್ತು ಇಡೀ ದಿನ ಒಂದೇ ಫ್ಲೆಕ್ಸ್ ತಿದ್ದಿದೆ. ಹುಟ್ಟುಹಬ್ಬದವನಿಗೆ ತನ್ನ ಮುಖ ಇನ್ನೂ ಬೆಳ್ಳಗೆ ಬೇಕಂತೆ. ಕಣ್ಣು ಉರಿಯುತ್ತಿದೆ.

ಜನವರಿ ೧೦, ಶುಕ್ರವಾರ

ಮಗ್ಗೂರಿನ ನಕ್ಷೆ ಮುಗಿಯಿತು. ಠಾಣೆ, ತಹಸೀಲ ಕಚೇರಿ, ಸಾವುಕಾರನ ಮೂರಂತಸ್ತಿನ ಅಂಗಡಿ, ಬಸ್ ನಿಲ್ದಾಣ, ಸಭೆ ನಡೆಯುವ ಚೌಕ. ಒಂದು ಹಳೆಯ ಬಾವಿ. ತಾಯಣ್ಣನ ಮನೆಯಿಂದ ಚೌಕಕ್ಕೆ ನಾನೂರು ಹೆಜ್ಜೆ. ಅವನ ಬಲಗಾಲಿನ ಚಪ್ಪಲಿ ಮೊದಲು ಸವೆಯುತ್ತದೆ, ಏಕೆಂದರೆ ಮೂವತ್ತು ವರ್ಷ ಬಸ್ಸಿನಲ್ಲಿ ಆ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಇಂಥ ವಿವರಗಳು ಹನ್ನೆರಡು ಪುಟ ಆಗಿವೆ.

ಅವ್ವ ಬಂದು ಇಣುಕಿ ನೋಡಿದಳು.

"ಯಾವೂರೋ ಇದು?"

"ಇಲ್ಲದ ಊರು."

"ಇಲ್ಲದ ಊರಾಗ ಬಾವಿ ಅಷ್ಟು ದೂರ ಯಾಕ ತೋಡೀದಿ? ನೀರು ಹೊರೋರು ಯಾರು, ನೀನೇನು?" ಸ್ವಲ್ಪ ಹೊತ್ತು ನೋಡಿ ಮತ್ತೆ ಕೇಳಿದಳು. "ಹೆಸರೇನಂದಿ?"

"ಮಗ್ಗೂರು."

"ಮಗ್ಗ ಎಲ್ಲಿ ಅದಾವ?"

ನಕ್ಷೆಯೆಂದರೆ ಎಲ್ಲವನ್ನೂ ತೋರಿಸುವುದಲ್ಲ, ಅಧಿಕಾರ ಎಲ್ಲೆಲ್ಲಿ ಕೂತಿದೆ ಎಂದು ತೋರಿಸುವುದು. ಅವ್ವನಿಗೆ ಇದನ್ನು ವಿವರಿಸುವ ತಾಳ್ಮೆ ನನಗಿಲ್ಲ.

ಜನವರಿ ೧೯, ಭಾನುವಾರ

ಮಕ್ತಲಕ್ಕೆ ಹೋಗಿದ್ದೆ. ಸ್ರವಂತಿ ಅಕ್ಕ ಅಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಕನ್ನಡ, ತೆಲುಗು ಎರಡರಲ್ಲೂ ಅವಳು ಓದದ ಪತ್ತೇದಾರಿ ಪುಸ್ತಕ ಇರಲಿಕ್ಕಿಲ್ಲ. ನನ್ನ ನಲವತ್ತು ಪುಟದ ಟಿಪ್ಪಣಿಯನ್ನು ಶೇಂಗಾ ತಿನ್ನುತ್ತ ಓದಿದಳು. ಸಿಪ್ಪೆಯೆಲ್ಲ ನನ್ನ ನಕ್ಷೆಯ ಮೇಲೆ.

"ತಾಯಣ್ಣನ ಚಪ್ಪಲಿ ಸವಿಯೋದು ಬರ್ದೀದಿ. ಛಲೋ ಐತಿ. ಕೋಟಯ್ಯ ಬೆಳಿಗ್ಗೆ ಏನು ತಿಂತಾನ?"

"ಅವ ಅಪರಾಧಿ ಅಕ್ಕಾ."

"ಅಪರಾಧಿಗಳು ಉಪಾಸ ಇರ್ತಾರೇನು?"

ಅವಳು ಬಿಡಲಿಲ್ಲ. "ಇವಗ ಮನಿ ಇಲ್ಲ, ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ನೆಗಡಿ ಸೈತ ಬರಂಗಿಲ್ಲ. ಪುಟಕ್ಕೊಮ್ಮೆ ಬಂದು 'ವಿಕಟ ನಗೆ' ನಗ್ತಾನ, ಹೋಗ್ತಾನ. ಅರ್ಜಿ ಮಾರಿಕೊಂಡವ ಆರಾಮಿರಬೇಕಲ್ಲಾ. ನಿಮ್ಮ ಬಾಲಯ್ಯ ಊರು ಬಿಟ್ಟು ಗದ್ವಾಲದಾಗ ಇನ್ನೊಬ್ಬರ ಮಗ್ಗಕ್ಕ ಯಾಕ ಕೂತಾನ?"

"ಜನ ಶಿಕ್ಷೆ ಕೊಟ್ರು. ಅದಕ್ಕ."

"ಹೋಗಿ ನೋಡ್ಕಂಡು ಬಾ. ಏನು ತಿಂತಾನ, ಏನು ಹೊದೀತಾನ. ಮತ್ತ ಆ ದಿನದ ವೇಳಾಪಟ್ಟಿ ಹಾಕು. ಯಾರ್ಯಾರು ಎಷ್ಟೊತ್ತಿಗೆ ಎಲ್ಲಿದ್ರು ಅಂತ. ನಿಮ್ಮ ಮನ್ಯಾಗಿನೋರದೂ."

ಅವಳು ಒಳ್ಳೆಯವಳು, ಆದರೆ ತತ್ವ ಗಟ್ಟಿಯಿಲ್ಲ. ಬಸ್ಸಿನಲ್ಲಿ ನಿಂತೇ ಬಂದೆ. ಬಲಗಾಲು ನೋಯುತ್ತಿದೆ.

ಜನವರಿ ೨೧, ಮಂಗಳವಾರ

ಕೋಟಯ್ಯನ ಬೆಳಗಿನ ತಿಂಡಿ: ಇಡ್ಲಿ. ಹೊಡೆದುಹಾಕಿದೆ. ಪೂರಿ. ಅದನ್ನೂ ಹೊಡೆದುಹಾಕಿದೆ.

ಅದರ ಬದಲು ಶಿಕ್ಷೆಯ ದೃಶ್ಯ ಬರೆಯಲು ಕೂತೆ. ಅದು ನಾನು ಕಣ್ಣಾರೆ ಕಂಡದ್ದು. ಎಂಟು ಸೀರೆಗೆ ಒಂದೇ ಹಾಸು, ಅಂದರೆ ಮಗ್ಗಕ್ಕೆ ಏರುವ ಉದ್ದದ ಎಳೆಗಳು. ಅಷ್ಟುದ್ದದ ನೂಲನ್ನು ಬೆಳಿಗ್ಗೆ ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗುವುದರೊಳಗೆ ಕುಂಚದಿಂದ ಎಳೆ ಎಳೆ ಬಿಡಿಸಬೇಕು. ಎಂಟು ಜನರಿಲ್ಲದೆ ಆಗುವ ಕೆಲಸವಲ್ಲ. ಇವತ್ತು ನಿನ್ನ ಹಾಸು ಹಿಡಿಯಲು ನಾನು ಬಂದರೆ, ನಾಳೆ ನನ್ನದಕ್ಕೆ ನೀನು. ಇದಕ್ಕೆ ಕೂಲಿಯಿಲ್ಲ, ಕರೆಯುವುದೂ ಇಲ್ಲ, ಬೆಳಕು ಹರಿದರೆ ಜನ ತಾವೇ ಬಂದು ನಿಲ್ಲುತ್ತಾರೆ.

ಕರಪತ್ರ ಹಂಚಿದ ಮೇಲೆ ಬಾಲಯ್ಯನ ಹಾಸು ಹಿಡಿಯಲು ಯಾರೂ ಬರಲಿಲ್ಲ. ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಮಗಳು ಶಿರಿಷಾ. ನಡುವೆ ಗಂಜಿ ಗಂಟುಗಂಟಾಗಿ ಒಣಗಿ ನೂಲೆಲ್ಲ ಒಂದಕ್ಕೊಂದು ಅಂಟಿಕೊಂಡಿತು. ಒಂಬತ್ತು ಗಂಟೆಗೆ ಅವನು ಕತ್ತರಿ ತಂದು ಅದನ್ನು ಕತ್ತರಿಸಿದ. ಹಾಗೆ ಎರಡು ಸಲ. ಮೂರನೆಯ ತಿಂಗಳು ಬಾಗಿಲಿಗೆ ಬೀಗ ಹಾಕಿ ಗದ್ವಾಲಕ್ಕೆ ಹೋದ.

ಆಗಿನ ದಿನಚರಿಯಲ್ಲಿ 'ಜನಶಕ್ತಿಯ ವಿಜಯ' ಎಂದು ಬರೆದಿದ್ದೇನೆ. ಅವ್ವ ಒಬ್ಬಳು ಅವನ ಹಾಸಿನ ಕಡೆ ಎದ್ದು ಹೊರಟಿದ್ದಳು. ತೋಳು ಹಿಡಿದು ನಿಲ್ಲಿಸಿದವನು ನಾನೇ. ಇದನ್ನು ಕಾದಂಬರಿಯಲ್ಲಿ ಬಳಸಬಹುದೋ ಬೇಡವೋ ಗೊತ್ತಾಗುತ್ತಿಲ್ಲ.

ಜನವರಿ ೨೬, ಭಾನುವಾರ

ಗದ್ವಾಲ. ಮಕ್ತಲದಲ್ಲಿ ಬಸ್ ಬದಲಿಸಿ ಜೂರಾಲ ಅಣೆಕಟ್ಟಿನ ಮೇಲೆ ಹೋದೆ. ದಾರಿಯುದ್ದಕ್ಕೂ ಶಾಲೆಗಳ ಮುಂದೆ ಧ್ವಜ. ಒಂದು ಕಡೆಯೂ ಇಳಿದು ನೋಡುವ ಉಮೇದು ಬರಲಿಲ್ಲ.

ತಗಡಿನ ಒಂದು ಶೆಡ್ಡು, ನಾಲ್ಕು ಮಗ್ಗ, ನಾಲ್ಕೂ ಬೇರೆಯವರವು. ಪಕ್ಕದ ಒಂದು ಕೋಣೆಯಲ್ಲಿ ಬಾಲಯ್ಯನ ವಾಸ. ಬಾಗಿಲಲ್ಲಿ ಶಿರಿಷಾ ರಾಟೆ ತಿರುಗಿಸುತ್ತಿದ್ದಳು. ಯಾರೋ ಬಂದಿದ್ದಾರೆಂದು ತಲೆ ಎತ್ತದೆ ತೆಲುಗಿನಲ್ಲಿ ಅಪ್ಪನಿಗೆ ಕೂಗಿದಳು, "ನಾಯ್ನಾ, ಎವರೋ ವಚ್ಚಿಂಡ್ರು." ಆಮೇಲೆ ನನ್ನ ಮುಖ ನೋಡಿದಳು. ಕನ್ನಡದಲ್ಲಿ ಹೇಳಿದಳು, "ಯಾರೂ ಅಲ್ಲ. ಕರಪತ್ರ ಬಂದೈತಿ."

ಬಾಲಯ್ಯ ಹೊರಗೆ ಬಂದ. ಬಡವಾಗಿದ್ದಾನೆ. "ಬಾರಪ್ಪಾ ಲಕ್ಷ್ಮಣ. ಈ ಸಲ ಎಷ್ಟು ಕಾಪಿ ಹೊಡೀತಿ?"

ಪುಸ್ತಕ ಬರೆಯುತ್ತಿದ್ದೇನೆ ಎಂದೆ.

"ಅದ್ರಾಗ ನಾ ಅದೀನೇನು?"

ನೋಟ್‌ಬುಕ್ ಚೀಲದೊಳಗೆ ತುರುಕಿದೆ.

"ಹೆಸರೇನಿಟ್ಟೀದಿ ನನಗ?"

"ಕೋಟಯ್ಯ."

"ಭೇಷ್! ನಮ್ಮ ಮಾವನ ಹೆಸರು. ಅವನೂ ಕಳ್ಳನೇ ಇದ್ದ." ತಾನೇ ನಕ್ಕ. ಶಿರಿಷಾ ನಗಲಿಲ್ಲ. ರಾಟೆಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಅವನು ಕೂತು ತಿನ್ನತೊಡಗಿದ. ನಿನ್ನೆಯ ಜೋಳದ ರೊಟ್ಟಿ, ಮುರಿದು ಚಹಾದಲ್ಲಿ ಅದ್ದಿಕೊಂಡು. ನನಗೂ ಒಂದು ಕಪ್ಪು ಚಹಾ ಬಂತು. ಕಪ್ಪನ್ನು ಶಿರಿಷಾ ನನ್ನಿಂದ ಕೈಯಳತೆ ದೂರದಲ್ಲಿಟ್ಟು ಹೋದಳು. ಸಾವುಕಾರನ ಅಂಗಡಿಯ ಮಾತು ಎತ್ತಿದೆ.

"ನೂಲು ತರಾಕ ಹೋಗಿದ್ದೆ. ನೂಲು ಅವನ ಅಂಗಡ್ಯಾಗ ಸಿಗ್ತೈತಿ, ನಿನ್ನ ಪ್ರೆಸ್ಸಿನಾಗ ಸಿಗಂಗಿಲ್ಲ." ಬಾಯಿ ಒರೆಸಿಕೊಂಡ. "ಗೂಡಿನಾಗ ಇಡು ಅಂದಿ, ಇಟ್ಟೆ. ಬಾಗಲ ತೆರೆದಿತ್ತು, ಒಳಗ ಯಾರೂ ಇರಲಿಲ್ಲ. ನಿಮ್ಮವ್ವ ಓಣಿ ಆ ತುದಿಗೆ ಕುಂಚ ಹಿಡಕಂಡು ನನಗ ಬೆನ್ನು ಮಾಡಿ ನಿಂತಿದ್ಲು. ಎರಡು ವರ್ಷದ ಹಿಂದನೂ ಇದನ್ನೇ ಹೇಳೀನಿ. ಇನ್ನೊಮ್ಮಿ ಹೇಳಂಗಿಲ್ಲ."

ಸಂಗ್ರಹಿಸಿದ ವಿವರ: ಒಂದು ಕೋಣೆ, ಒಂದು ಟ್ರಂಕು, ಹೊದೆಯಲು ಎರಡು ಕೌದಿ. ಗೋಡೆಗೆ ನಾರಾಯಣಪೇಟೆಯ ಮನೆಯ ಬೀಗದ ಕೈ. ಬಾಗಿಲಿನ ಎದುರಿಗೇ, ಎದ್ದ ಕೂಡಲೇ ಕಾಣುವಂತೆ.

ಜನವರಿ ೨೮, ಮಂಗಳವಾರ

ವೇಳಾಪಟ್ಟಿ ಹಾಕಿದೆ. ಐದೂವರೆ, ನಾನು ಮನೆ ಬಿಟ್ಟದ್ದು. ಆರು, ಬಸ್ಸು. ಆರೂವರೆ, ಬಾಲಯ್ಯ ನಮ್ಮ ಮನೆಗೆ ಬಂದೆನೆಂದು ಹೇಳುವ ಹೊತ್ತು. ಅವ್ವ: ಮನೆಯಲ್ಲಿ.

ಆಮೇಲೆ ಆ ವರ್ಷದ ದಿನಚರಿ ತೆಗೆದು ನೋಡಿದೆ. ನನ್ನದೇ ಕೈಬರಹ: 'ಓಣಿಯಲ್ಲಿ ನಮ್ಮ ಹಾಸು ಕಟ್ಟಿದ್ದಾರೆ, ಸೈಕಲ್ ತೆಗೆಯಲಾಗಲಿಲ್ಲ, ನಿಲ್ದಾಣಕ್ಕೆ ನಡೆದೇ ಹೋದೆ.'

ನಮ್ಮ ಹಾಸು. ಅಂದರೆ ಅವ್ವ ಓಣಿಯಲ್ಲಿದ್ದಳು.

ತಾಯಣ್ಣನಾಗಿದ್ದರೆ ಇದನ್ನು ಮೊದಲ ದಿನವೇ ನೋಡುತ್ತಿದ್ದ.

ಫೆಬ್ರವರಿ ೨, ಭಾನುವಾರ

ಅವ್ವ ಮಗ್ಗದ ಮೇಲಿದ್ದಾಗ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಕಾದಂಬರಿಗೆ ನೇಯ್ಗೆಯ ವಿವರ ಬೇಕು ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

"ಇಪ್ಪತ್ತಾರು ವರ್ಷಕ್ಕ ಕೇಳಿದಿ," ಎಂದಳು. ಆದರೂ ಹೇಳಿದಳು. ಗಂಜಿ ಒಣಗಿದ ಹಾಸನ್ನು ಮನೆಯೊಳಗೆ ತಂದು ಮಗ್ಗದ ಹಿಂದಿನ ಉರುಳೆಗೆ ಸುತ್ತುತ್ತಾರೆ. ಅಂಚಿನ ಎಳೆಗಳು ಸುತ್ತಿನ ಸಂದಿಯಲ್ಲಿ ಜಾರಿ ಇಳಿಯದಂತೆ ನಡುನಡುವೆ ಕಾಗದ ಇಡುತ್ತಾರೆ. ಒಬ್ಬರು ಉರುಳೆ ತಿರುಗಿಸುತ್ತಾರೆ, ಒಬ್ಬರು ಬಿಗಿ ಹಿಡಿಯುತ್ತಾರೆ, ಒಬ್ಬರು ಕಾಗದ ಕೊಡುತ್ತಾರೆ.

"ಕಾಗದ ಎಂಥಾದು?"

"ಗಟ್ಟಿ ಇರಬೇಕು. ಪೇಪರು ಹರೀತೈತಿ."

"ಎಲ್ಲಿಂದ ತಗೋತಿ?"

ಲಾಳಿ ನಿಂತಿತು. "ಗೂಡಿನಾಗಿಂದ. ಪ್ರೆಸ್ಸಿನಾಗ ಕೆಟ್ಟ ಹಾಳಿ ನೀನೇ ತಂದು ಹಾಕ್ತೀಯಲ್ಲ."

ನಾನು ಬರೆದುಕೊಂಡೆ. ಬರೆದುಕೊಳ್ಳುತ್ತಲೇ ಇದ್ದೆ. ಆಮೇಲೆ ಕೇಳಿದೆ, "ಆ ದಿನ ಯಾರೂ ಬರಲಿಲ್ಲ ಅಂದಿದ್ದಿ."

"ಓಣ್ಯಾಗ ನಿಂತಾಕಿಗೆ ಮನಿಗೆ ಯಾರು ಬಂದ್ರಂತ ಹ್ಯಾಂಗ ಗೊತ್ತಾಗಬೇಕು? ನೀ ಸಿಟ್ಟಿಲೆ ಕೇಳಿದಿ, ಯಾರೂ ಇಲ್ಲಪಾ ಅಂದೆ." ಲಾಳಿ ಮತ್ತೆ ಓಡತೊಡಗಿತು. "ನೀರು ಬಂದಾವ ನೋಡು. ಕೊಡ ಹಚ್ಚು."

ಕೊಡ ಹಚ್ಚಿದೆ. ತುಂಬಿ ಹರಿಯುವವರೆಗೆ ಅಲ್ಲೇ ನಿಂತಿದ್ದೆ.

ಫೆಬ್ರವರಿ ೪, ಮಂಗಳವಾರ

ಮೂರು ಲಗ್ನಪತ್ರಿಕೆ, ಒಂದು ತಿಥಿ ಕಾರ್ಡು. ಬರೆಯುವಂಥದು ಏನೂ ಇಲ್ಲ.

ಫೆಬ್ರವರಿ ೯, ಭಾನುವಾರ

ಮುಂಜಾನೆ ಅವ್ವ ತಾನೇ ಕರೆದಳು. "ಬಾ ಇಲ್ಲಿ. ಮಗ್ಗದ ಹಿಂದ ಕೂಡು. ಪುಸ್ತಕ ಬ್ಯಾಡ."

ಅವಳು ನೇಯುತ್ತಿದ್ದಳು. ನೇಯ್ದಷ್ಟೂ ಉರುಳೆ ಒಂದೊಂದು ಹಲ್ಲು ತಿರುಗಿ ಹಾಸನ್ನು ಬಿಡುತ್ತದೆ. ಸುಮಾರು ಒಂದು ತಾಸಿಗೆ ಉರುಳೆಯಿಂದ ಒಂದು ಹಾಳೆ ಜಾರಿ ನನ್ನ ಕಾಲ ಬಳಿ ಬಿತ್ತು. ಬೆನ್ನು ಖಾಲಿ. ಎತ್ತಿ ತಿರುಗಿಸಿದೆ. ಎರಡು ಸಾಲು ನೇರಳೆ ಹೆಬ್ಬೆರಳು. ಮೇಲೆ ನನ್ನ ಕೈಬರಹದಲ್ಲಿ 'ಪುಟ ೬'.

ಅವ್ವ ಲಾಳಿ ನಿಲ್ಲಿಸದೆ ಮಾತಾಡಿದಳು. ನನ್ನ ಮುಖ ನೋಡಬಾರದೆಂದೇ ನಿಲ್ಲಿಸಲಿಲ್ಲವೇನೋ.

"ಮೊದಲಿನ ಸಲ ಗೊತ್ತಾಗಲಿಲ್ಲ. ಹಾಸು ಸುತ್ತುವಾಗ ಕಣ್ಣು ಎಳಿ ಮ್ಯಾಲ ಇರ್ತಾವ, ಕೈ ಗೂಡಿನಾಗ ಇರ್ತೈತಿ. ಸಿಕ್ಕ ಹಾಳಿ ಕೊಟ್ಟೆ. ಒಂದೂವರೆ ತಿಂಗಳಿಗೆ ನೇಯ್ಯಾಕ ಕೂತಾಗ ಒಂದು ಬಿತ್ತು. ಹೆಬ್ಬೆಟ್ಟು ಕಂಡ್ವು. ನನ್ನದೂ ಇತ್ತು, ಓರೆ ಹೆಬ್ಬೆಟ್ಟು, ಗುರುತು ಸಿಗಲಾರದೇನು?"

"ಅವಾಗ್ಲೇ ಹೇಳಬೇಕಿತ್ತಲ್ಲವ್ವಾ!"

"ಅಷ್ಟೊತ್ತಿಗೆ ನೀ ಅಚ್ಚು ಹಾಕಿಸಿಬಿಟ್ಟಿದ್ದಿ. ಮಂದಿ ಮೊದಲನೇ ಸಲ ನಿನ್ನ ಮಾತು ಕೇಳಿದ್ರು. ಮೊಗುಲಮ್ಮನ ಮಗ ಹೇಳ್ಯಾನ ಅಂತಿದ್ರು. ಅದು ಸುಳ್ಳಾದ್ರ ಮತ್ತ ನಿನ್ನ ಮಾತು ಯಾರು ಕೇಳ್ತಾರ ಅಂದ್ಕಂಡೆ. ತಪ್ಪಾತು."

"ಸುಟ್ಟರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಇನ್ನೂರ ಹನ್ನೆರಡು ಮಂದಿ ಹೆಬ್ಬೆಟ್ಟು ಹ್ಯಾಂಗ ಸುಡ್ಲಿ? ಅದಕ್ಕ ಹಾಸು ಮುಗಿದಾಗೊಮ್ಮೆ ಮತ್ತ ಒಳಗ ಸುತ್ತಿದೆ. ಟ್ರಂಕಿನಾಗ ಇಟ್ರ ನಿನ್ನ ಕೈಗೆ ಸಿಗ್ತಿದ್ವು. ಮಗ್ಗದ ಹಂತ್ಯಾಕ ನೀ ಯಾವಾಗ ಬಂದಿ?"

ಇನ್ನೂ ಹತ್ತು ಹಾಳೆ ಒಳಗಿವೆ. ಎರಡು ವರ್ಷ ಅವ್ವ ಅದನ್ನೇ ಉರುಳೆಯಲ್ಲಿ ಸುತ್ತಿಟ್ಟುಕೊಂಡು ನೇಯ್ದಿದ್ದಾಳೆ.

ಉರುಳೆ ಬಿಚ್ಚಿ ಎಲ್ಲವನ್ನೂ ತೆಗೆಯೋಣ ಎಂದೆ. ಕತ್ತರಿಯನ್ನು ಅವಳೇ ಎತ್ತಿ ನನ್ನ ಮುಂದೆ ಇಟ್ಟಳು. "ಕತ್ತರಿಸು. ಮೂರು ಸೀರಿ ಹಾಳಾಗ್ತಾವ. ಆಮ್ಯಾಲ ಯಾರನ್ನ ಕಳ್ಳರಂತ ಬರೀತಿ, ಅದನ್ನೂ ಈಗ್ಲೇ ಹೇಳು."

ಕತ್ತರಿ ಅಲ್ಲೇ ಇದೆ.

ಫೆಬ್ರವರಿ ೧೩, ಗುರುವಾರ

ಪುಟ ೯, ೨, ೧೧ ಬಿದ್ದಿವೆ. ನಿನ್ನೆ ಒಂದೂ ಇಲ್ಲ, ಬರೀ ಹಾಳಾದ ಲಗ್ನಪತ್ರಿಕೆಗಳು. ಪ್ರೆಸ್ಸಿನಿಂದ ಬಂದ ಮೇಲೆ ಅವ್ವನಿಗೆ ನೂಲು ಸುತ್ತಿಕೊಡುತ್ತಿದ್ದೇನೆ. ಹರಿದ ಎಳೆಯನ್ನು ಹೊಸೆದು ಕೂಡಿಸಲು ಕಲಿಸಿದಳು. ಹತ್ತರಲ್ಲಿ ಏಳು ಬಿಚ್ಚಿಕೊಳ್ಳುತ್ತವೆ. "ಉಗುಳು ಹಚ್ಚು, ತತ್ವ ಹಚ್ಚಬ್ಯಾಡ," ಅನ್ನುತ್ತಾಳೆ.

ಎಲ್ಲ ಹಾಳೆ ಬರಲಿ, ಆಮೇಲೆ ಗದ್ವಾಲಕ್ಕೆ ಹೋಗುತ್ತೇನೆ. ಅಪೂರ್ಣ ಸಾಕ್ಷಿ ಹಿಡಿದು ಹೋಗುವುದು ಸರಿಯಲ್ಲ.

ತಾಯಣ್ಣ ಹತ್ತು ದಿನದಿಂದ ಮಗ್ಗೂರಿನ ಬಸ್ ನಿಲ್ದಾಣದಲ್ಲೇ ಕೂತಿದ್ದಾನೆ. ಅವನಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಫೆಬ್ರವರಿ ೧೬, ಭಾನುವಾರ

ಮಕ್ತಲ. ಸ್ರವಂತಿ ಅಕ್ಕನಿಗೆ ಎಲ್ಲ ಹೇಳಿದೆ. ಶೇಂಗಾ ಪೊಟ್ಟಣ ಬಿಚ್ಚಿದವಳು ತಿನ್ನಲಿಲ್ಲ.

"ಎಷ್ಟು ಹಾಳಿ ಬಂದಾವ?"

"ಆರು. ಇನ್ನೂ ಐದು ಒಳಗ ಅದಾವ. ಒಂದು ತಿಂಗಳಾದ್ರ..."

"ಆರು ಸಾಲಂಗಿಲ್ಲೇನು?"

"ಪೂರ್ತಿ ಬರಲಿ ಅಂತ."

"ಅವನ ಮ್ಯಾಲ ಬರಿಯಾಕ ಎಷ್ಟು ದಿನ ತಗಂಡಿದ್ದಿ?"

ಮೂರು ದಿನ. ಹೇಳಲಿಲ್ಲ. ಎದ್ದು ಬಂದುಬಿಟ್ಟೆ. ಸಿಟ್ಟು ಬಂದಿತ್ತು. ಬಸ್ಸು ಇಳಿಯುವ ಹೊತ್ತಿಗೆ ಅದೂ ಉಳಿಯಲಿಲ್ಲ, ಸುಸ್ತು ಮಾತ್ರ ಉಳಿಯಿತು.

ಫೆಬ್ರವರಿ ೧೮, ಮಂಗಳವಾರ

ರಜೆ ಹಾಕಿ ಹೋದೆ. ಬಾಲಯ್ಯ ಕಾಕಾ ಮಗ್ಗದ ಮೇಲಿದ್ದ. ಆರು ಹಾಳೆಗಳನ್ನು ಅವನ ಮುಂದಿನ ಬಟ್ಟೆಯ ಮೇಲೆ ಇಟ್ಟೆ. ಹೇಗೆ ಸಿಕ್ಕವು ಎಂದು ಹೇಳಿದೆ. ಗೂಡಿನಲ್ಲಿಡು ಎಂದವನೂ ನಾನೇ, ಕೆಟ್ಟ ಹಾಳೆ ಅದೇ ಗೂಡಿಗೆ ತುಂಬುತ್ತಿದ್ದವನೂ ನಾನೇ ಎಂದು ಹೇಳಿದೆ. ಅವ್ವ ಮುಚ್ಚಿಟ್ಟದ್ದನ್ನೂ ಹೇಳಿದೆ. ಅದನ್ನು ಹೇಳು ಎಂದು ಅವ್ವನೇ ಕಳಿಸಿದ್ದಳು.

ಅವನು ಬಹಳ ಹೊತ್ತು ಹಾಳೆಗಳ ಮೇಲೆ ಬೆರಳಾಡಿಸಿದ. ಕೆಲವು ಹೆಬ್ಬೆಟ್ಟುಗಳ ಹೆಸರು ಹೇಳಿದ. ಇಬ್ಬರು ಈಗ ಇಲ್ಲ. "ಈಕಿ ಕೈ ತೊಳಕಂಡು ಬರ್ತೀನಿ ತಡಿ ಅಂದಿದ್ಲು. ಹೆಬ್ಬೆಟ್ಟು ಸ್ವಚ್ಛ ಬರಲಿ ಅಂತ."

ನಾನು ಹೊಸ ಕರಪತ್ರದ ಕರಡು ತೆಗೆದೆ. 'ಆತ್ಮವಿಮರ್ಶೆ' ಎಂದು ತಲೆಬರಹ. ಎರಡು ಸಾಲು ಓದುವುದರೊಳಗೆ ಶಿರಿಷಾ ಬಾಗಿಲಲ್ಲಿ ಬಂದು ನಿಂತಳು. "ಐನೂರು ಕಾಪಿ ಬಯ್ಯಾಕ, ಐನೂರು ಕಾಪಿ ಅಳಾಕ. ಎರಡರಾಗೂ ನಿನ್ನ ಹೆಸರೇ ಕೆಳಗ. ಅಂದು ನಾ ಹಾಸಿನ ತುದಿ ಹಿಡಕಂಡು ನಿಂತಾಗ ನಿಮ್ಮ ಮನಿ ಕಟ್ಟಿ ಮ್ಯಾಲ ನಿಂತು ನೋಡಿದವ ನೀನೇ ಅಲ್ಲೇನು?"

ಹೌದು ಎಂದೆ.

"ಶಿರಿಷಾ, ಒಳಗ ಹೋಗವ್ವಾ," ಎಂದ ಕಾಕಾ. ಅವಳು ಹೋಗಲಿಲ್ಲ. ಅವನೂ ಮತ್ತೆ ಹೇಳಲಿಲ್ಲ. ಕರಡನ್ನು ನನ್ನ ಕೈಯಿಂದ ತೆಗೆದು ಮಡಚಿ ನನ್ನ ಜೇಬಿಗೇ ಇಟ್ಟ.

"ಕಾಗದ ಸಾಕು. ಕೇಳು. ಊರಾಗ ನನ್ನ ಮಗ್ಗ ಹಂಗೇ ಐತಿ. ಒಂದು ಹಾಸು ತರ್ತೀನಿ. ನನ್ನ ಬಾಗಲ ಮುಂದ ಎಂಟು ಮಂದಿ ನಿಂತ್ರ ಗಂಜಿ ಹಚ್ಚಿ ಅಲ್ಲೇ ಉಳೀತೀನಿ. ಅರ್ಜೀನೂ ನಾನೇ ಒಯ್ತೀನಿ. ನಿಲ್ಲಲಿಲ್ಲಂದ್ರ ಮಧ್ಯಾಹ್ನದ ಬಸ್ಸಿಗೆ ವಾಪಸ್. ಇನ್ನ ಈ ಕಡಿ ಬರಬ್ಯಾಡ."

"ಯಾವಾಗ ಬರ್ತೀ ಕಾಕಾ?"

ಗೋಡೆಯ ಬೀಗದ ಕೈ ಕಡೆ ನೋಡಿ ದಿನ ಹೇಳಿದ.

ಫೆಬ್ರವರಿ ೨೦, ಗುರುವಾರ

ಭಾನುಪ್ರಕಾಶರು, ನಮ್ಮ ಪ್ರೆಸ್ಸಿನ ಮಾಲಕರು, ವಿಷಯ ಕೇಳಿ ಮೂಗಿನ ಮೇಲಿನ ಚಾಳೀಸು ತೆಗೆದಿಟ್ಟರು. "ಫ್ಲೆಕ್ಸ್ ಹಾಕಿಸೋಣೇನಪಾ? ನಿನ್ನ ಮುಖ ದೊಡ್ಡದು, ಕೈ ಮುಗಿದಂಗ." ಬೇಡ ಸರ್ ಎಂದೆ. "ಬ್ಯಾಡೇನು? ನೀನಾ ಬ್ಯಾಡ ಅನ್ನೋದು?"

ಮನೆ ಮನೆಗೆ ಹೋಗಿ ಬಾಯಿಂದ ಹೇಳಬೇಕು. ಇದು ಕರಪತ್ರಕ್ಕಿಂತ ನಿಧಾನದ ಕೆಲಸ.

ಫೆಬ್ರವರಿ ೨೩, ಭಾನುವಾರ

ಇವತ್ತು ಏಳು ಮನೆ. ಶ್ರೀರಾಮುಲು ಮಾಮ ಬಾಗಿಲಲ್ಲೇ ನಿಲ್ಲಿಸಿದ. "ಅಂದು ನಿನ್ನ ಹಾಳಿ ಓದಿ ಹೋಗಲಿಲ್ಲ. ಈಗ ನಿನ್ನ ಬಾಯಿ ಕೇಳಿ ಬರಬೇಕು. ನಾವೇನು ನಿನ್ನ ಕೈಯಾಗಿನ ಲಾಳಿಯೇನೋ, ಆ ಕಡಿಗೊಮ್ಮೆ ಈ ಕಡಿಗೊಮ್ಮೆ?"

ನನ್ನ ಹಿಂದೆ ಅವ್ವ ನಿಂತಿದ್ದಳು. ಬರುವುದಾಗಿ ನನಗೆ ಹೇಳಿರಲಿಲ್ಲ. ಮೊನ್ನೆ ಉರುಳೆಯಿಂದ ಬಿದ್ದ ಪುಟ ೪ನ್ನು ಸೆರಗಿನೊಳಗಿಂದ ತೆಗೆದು ಅವನ ಮುಂದೆ ಹಿಡಿದಳು.

"ಅಣ್ಣಾ, ನನ್ನ ಕೈಯಿಂದ ಆಗೈತಿ. ಗೊತ್ತಾದ ಮ್ಯಾಲೂ ಬಾಯಿ ಮುಚ್ಚಿಕಂಡಿದ್ದೆ. ಬಯ್ಯೋದಿದ್ರ ನನಗ ಬಯ್ಯಿ. ನಿನ್ನ ಹೆಂಡ್ತಿ ಹೆಬ್ಬೆಟ್ಟು ಇಲ್ಲೈತಿ, ನೋಡು."

ಅವನು ಬಯ್ಯಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. ಅವನ ಹೆಂಡತಿ ಒಳಗಿಂದ ಬಂದು ಹಾಳೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. "ನಾ ಬರ್ತೀನಿ. ಇವರದು ಇವರಿಗೆ," ಎಂದಳು.

ಬಾಗಿಲು ತೆರೆದ ಮನೆಗಳಲ್ಲೆಲ್ಲ ಹಾಗೇ ಆಯಿತು. ನಾನು ಶುರು ಮಾಡುವುದು, ಅವ್ವ ಮುಗಿಸುವುದು. ಎರಡು ಕಡೆ ಬಾಗಿಲೇ ತೆರೆಯಲಿಲ್ಲ.

ಫೆಬ್ರವರಿ ೨೮, ಶುಕ್ರವಾರ

ಬರುವೆನೆಂದವರು: ಅವ್ವ, ಶ್ರೀರಾಮುಲು ಮಾಮನ ಹೆಂಡತಿ, ಕೊನೆಯ ಮನೆಯ ಅತ್ತೆ ಸೊಸೆ. ಸ್ರವಂತಿ ಅಕ್ಕ ನಾಳೆ ಸಂಜೆಯೇ ಬಂದು ನಮ್ಮಲ್ಲಿ ಉಳಿಯುತ್ತಾಳೆ. ಕುಂಚ ಹಿಡಿಯಲು ಬರುವುದಿಲ್ಲವಂತೆ, ಬೈಗುಳ ತಿನ್ನಲಾದರೂ ಒಬ್ಬರು ಬೇಕಲ್ಲ ಎಂದಳು. ನನ್ನನ್ನು ಸೇರಿಸಿದರೆ ಆರು. ಇನ್ನೂ ಇಬ್ಬರು ಬೇಕು. ನಾಳೆ ಒಂದು ದಿನ ಇದೆ, ತೆರೆಯದ ಎರಡು ಬಾಗಿಲಿವೆ.

ಹಾಸಿನ ಎರಡನೆಯ ತುದಿ ನನಗೆ. ಅದನ್ನು ಗಂಜಿ ಒಣಗುವವರೆಗೆ ಬಿಡಬಾರದು, ಕೈ ಬದಲಿಸುವಂತಿಲ್ಲ, ಯಾರಾದರೂ ಕರೆದರೆ ತಿರುಗಿಯೂ ನೋಡುವಂತಿಲ್ಲ. ಅವ್ವ ನೂಲಿನ ಬದಲು ಹಳೆಯ ಸೀರೆ ಕಟ್ಟಿ ಎರಡು ದಿನದಿಂದ ಅಭ್ಯಾಸ ಮಾಡಿಸುತ್ತಿದ್ದಾಳೆ. ಹೆಗಲು ಬಿದ್ದುಹೋಗಿದೆ.

ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಬೇಕಾಗಿ ಮಗ್ಗೂರಿನ ನಕ್ಷೆಯ ಬೆನ್ನಿಗೆ ನಮ್ಮ ಓಣಿ ಬರೆದೆ, ಯಾರು ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಲು. ಇಪ್ಪತ್ತೊಂದು ಮಗ್ಗ. ಕಾಕಾನ ಮನೆಯದು ಹನ್ನೆರಡನೆಯದು. ಅವನು ನಾಳೆ ಸಂಜೆಯ ಬಸ್ಸಿಗೆ ಬರುತ್ತಾನೆ, ಬೀಗ ತಾನೇ ತೆಗೆಯುತ್ತಾನಂತೆ.

ಭಾನುವಾರ, ಮಾರ್ಚ್ ೨, ಬೆಳಿಗ್ಗೆ ಆರು ಗಂಟೆ, ಬಾಲಯ್ಯ ಕಾಕಾನ ಬಾಗಿಲ ಮುಂದೆ.